ಹೊಲಿಗೆ ಯಂತ್ರದ ಗುರುತಿನ ಸುಪ್ರಿಯಾ

ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಆಚೀಚೆ ಬದುಕುವ ಜನಕ್ಕೆ ಸುಪ್ರಿಯಾಳ ಮುಖ ಗೊತ್ತಿರಲಿ ಬಿಡಲಿ, ದನಿ ಮಾತ್ರ ಗೊತ್ತು. ಭಟ್ಕಳದ ಬಟ್ಟೆ ಅಂಗಡಿಯ ಹಬ್ಬದ ರಿಯಾಯಿತಿ ಇರಲಿ, ಹೊನ್ನಾವರದ ಕಣ್ಣು ತಪಾಸಣಾ ಶಿಬಿರ ಇರಲಿ, ಕುಮಟೆಯ ಕಬಡ್ಡಿ ಪಂದ್ಯ ಇರಲಿ, ಊರಿಗೆ ಸುದ್ದಿ ಮುಟ್ಟಬೇಕೆಂದರೆ ಅವಳ ರಿಕ್ಷಾ ಬರಬೇಕು. ರಿಕ್ಷಾದ ನೆತ್ತಿಯ ಮೇಲೆ ಎರಡು ಧ್ವನಿವರ್ಧಕ, ಮುಂದೆ ಗಂಡ ಸುಬ್ಬ ಹ್ಯಾಂಡಲ್ ಹಿಡಿದವನು, ಹಿಂದಿನ ಸೀಟಿನಲ್ಲಿ ಮೈಕು ಹಿಡಿದ ಸುಪ್ರಿಯಾ. ಈಗೆಲ್ಲ ಒಮ್ಮೆ ರೆಕಾರ್ಡ್ ಮಾಡಿ ಪೆನ್‌ಡ್ರೈವ್ ಚುಚ್ಚಿ ಬಿಡುವ ಕಾಲ. ಆದರೂ ಜನ ಅವಳನ್ನೇ ಕರೆಯುತ್ತಿದ್ದರು. ದಾರಿಯಲ್ಲಿ ಅಜ್ಜಿಯೊಬ್ಬಳು ಸೊಂಟ ಹಿಡಿದುಕೊಂಡು ನಡೆಯುವುದು ಕಂಡರೆ, "ಅಜ್ಜೀ, ಕಣ್ಣಿನ ಶಿಬಿರ ನಾಳೆ, ಸೊಂಟದ್ದು ಮುಂದಿನ ವಾರ!" ಎಂದು ಮೈಕಿನಲ್ಲೇ ಕೂಗುವುದು ಪೆನ್‌ಡ್ರೈವಿಗೆ ಬರುತ್ತದೆಯೇ?

ಆ ಗಂಟಲು ಅವ್ವನ ಬಳುವಳಿ. ಅವ್ವ ತಿಮ್ಮಿ ಹೊಳೆಯಲ್ಲಿ ಮುಳುಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಬುಟ್ಟಿ ಹೊತ್ತು ಮನೆಮನೆಗೆ ಮಾರಿದವಳು. ಬಳಚಿನ ಚಿಪ್ಪಿಗೆ ಜಾತಿ ಇಲ್ಲ, ತಿನ್ನುವ ಬಾಯಿಗೂ ಇಲ್ಲ. ಹಳದೀಪುರದ ಕೇರಿಗಳಲ್ಲಿ ಒಂದು ಕೂಗು, ಕೊಂಕಣಿ ಕ್ರಿಸ್ತುವರ ಹಿತ್ತಿಲಲ್ಲಿ ಇನ್ನೊಂದು, ನವಾಯತ ಮುಸ್ಲಿಮರ ಬೀದಿಯಲ್ಲಿ ಮತ್ತೊಂದು, ಉರ್ದು ಮಾತಿನ ಮನೆಗಳಲ್ಲಿ ಮಗದೊಂದು. ಅವ್ವನ ಸೆರಗು ಹಿಡಿದು ನಡೆದ ಸುಪ್ರಿಯಾ, ಅಕ್ಷರ ಕಲಿಯುವ ಮೊದಲೇ ನಾಲ್ಕು ಭಾಷೆಯಲ್ಲಿ ಚೌಕಾಸಿ ಕಲಿತಿದ್ದಳು. ಪಿಯುಸಿ ಮುಗಿಸಿ ಹೊನ್ನಾವರದ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಗ, ಎದುರಿನ ಅಂಗಡಿಯ ಉದ್ಘಾಟನೆಗೆ ಬರಬೇಕಿದ್ದ ಘೋಷಕನ ಗಂಟಲು ಕಟ್ಟಿತು. "ನಾ ಹೇಳ್ತೆ ಕೊಡಿ" ಎಂದು ಮೈಕು ಇಸಿದುಕೊಂಡವಳು ಮತ್ತೆ ಕೆಳಗಿಡಲಿಲ್ಲ. ಬೇಲೆಬೇಣದ ಸುಬ್ಬನ ರಿಕ್ಷಾ ಬಾಡಿಗೆಗೆ ಬಂತು. ಮರುವರ್ಷ ಸುಬ್ಬನೇ ಗಂಡನಾದ.

ಬೇಲೆಬೇಣ ಹೊನ್ನಾವರ ಮತ್ತು ಭಟ್ಕಳದ ನಡುವೆ ಕಡಲಿಗೆ ಬೆನ್ನು ಹಾಕಿ ಕೂತ ಸಣ್ಣ ಊರು. ಹೆದ್ದಾರಿಗೆ ತಾಗಿ ಮೇಲಿನಕೇರಿ, ಅಲ್ಲಿ ಹಿಂದೂ ಮನೆಗಳು. ಮರಳಿನ ಕಡೆ ಕೆಳಗಿನಕೇರಿ, ಅಲ್ಲಿ ಮುಸ್ಲಿಂ ಮನೆಗಳೂ ಆರೇಳು ಕ್ರಿಸ್ತುವರ ಮನೆಗಳೂ. ಎರಡು ಕೇರಿಗೂ ಒಂದೇ ಸಂಕಟ: ಫೆಬ್ರವರಿ ಹುಟ್ಟಿತೆಂದರೆ ಬಾವಿ ನೀರು ಉಪ್ಪಾಗುತ್ತಿತ್ತು. ಪಂಚಾಯತಿಯ ಪೈಪು ಮಂಜೂರಾಗಿ ಬಂದು ಹೆದ್ದಾರಿಯ ಬದಿಗೆ ರಾಶಿ ಬಿದ್ದಿತ್ತು. "ಮೊದಲು ನಮ್ಮ ಕೇರಿಗೆ" ಎಂದು ಒಬ್ಬರು, "ಯಾವಾಗಲೂ ನಿಮ್ಮದೇ ಮೊದಲೋ?" ಎಂದು ಇನ್ನೊಬ್ಬರು. ಈ ಜಗಳದಲ್ಲಿ ಪೈಪಿನೊಳಗೆ ಹಲ್ಲಿ ಸಂಸಾರ ಹೂಡಿತೇ ಹೊರತು ನೀರು ಹರಿಯಲಿಲ್ಲ. ಟ್ಯಾಂಕರು ಬಂದ ದಿನ ಎರಡು ಕೇರಿಯ ಕೊಡಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು.

ಅಷ್ಟರಲ್ಲಿ ಪಂಚಾಯತಿ ಚುನಾವಣೆ ಬಂತು. ಸುಪ್ರಿಯಾಳಿಗೆ ಅದು ಸುಗ್ಗಿ. ಎಲ್ಲ ಅಭ್ಯರ್ಥಿಗಳ ಪ್ರಚಾರವೂ ಅವಳ ಬಾಯಲ್ಲೇ. ಬೆಳಿಗ್ಗೆ ಒಬ್ಬರದು, ಸಂಜೆ ಅವರ ಎದುರಾಳಿಯದು. ಅದರಲ್ಲಿ ಯಾರೂ ತಪ್ಪು ಹುಡುಕುತ್ತಿರಲಿಲ್ಲ.

ಮೊದಲು ಬಂದವನು ಹರೀಶ. ಮೇಲಿನಕೇರಿಯವನು, ಸಿಮೆಂಟು ಅಂಗಡಿಯವನು, ಸುಬ್ಬನ ಜೊತೆ ಶಾಲೆಗೆ ಹೋದವನು. ಅಂಗಳದ ಕಟ್ಟೆಯ ಮೇಲೆ ಕೂತು ಚಾ ಕುಡಿಯುತ್ತ, "ಅತ್ತಿಗೇ, ಉದ್ದುದ್ದ ಎಂತದೂ ಬೇಡ. ‘ನಮ್ಮ ದೇವರು, ನಮ್ಮ ಧರ್ಮ, ನಮ್ಮವರಿಗೇ ಮತ’ ಅಂತ ಹೇಳಿದ್ರೆ ಸಾಕು. ಮೇಲಿನಕೇರಿಯ ಒಂದು ವೋಟೂ ಆಚೀಚೆ ಆಗೂದಿಲ್ಲ" ಎಂದ.

ಸುಪ್ರಿಯಾ ನಕ್ಕಳು. ಅವನು ನಗಲಿಲ್ಲ.

"ಹರೀಶಾ, ನೀ ಪೈಪು ಹಾಕಿಸ್ತೆ ಅಂತ ಹೇಳು, ಗಂಟಲು ಹರಿಯೂವರೆಗೆ ಕೂಗ್ತೆ. ರಸ್ತೆ ಮಾಡಿಸ್ತೆ ಅಂತ ಹೇಳು, ಕೂಗ್ತೆ. ಇದನ್ನ ನಾ ಹೇಳೂದಿಲ್ಲ."

"ಎಂತಕ್ಕೆ? ನೀ ನಮ್ಮವಳಲ್ಲವಾ?"

"ನಾ ನಮ್ಮವಳೇ. ಆದ್ರೆ ಈ ಮೈಕಿನಲ್ಲಿ ‘ನಮ್ಮವರು’ ಅಂದ್ರೆ ಅದರ ದನಿ ಎಲ್ಲೀವರೆಗೆ ಕೇಳ್ತದೋ ಅಲ್ಲೀವರೆಗಿನವರು. ಕೆಳಗಿನಕೇರಿಗೂ ಕೇಳ್ತದೆ."

ಹರೀಶ ಚಾದ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದು ಹೋದ.

ಅದೇ ಮಧ್ಯಾಹ್ನ ಕೆಳಗಿನಕೇರಿಯ ಅಭ್ಯರ್ಥಿ ಮುಜಮ್ಮಿಲ್ ಬಂದ. ಐಸ್ ಪ್ಲಾಂಟಿನ ಮಾಲೀಕ, ಮಿತಭಾಷಿ. ಹರೀಶನಿಗೆ ಇಲ್ಲವೆಂದಿದ್ದು ಅವನ ಕಿವಿಗೆ ಆಗಲೇ ಬಿದ್ದಿತ್ತು. "ಒಳ್ಳೇದು ಮಾಡಿದೆ ತಂಗೀ. ಈಗ ನಮ್ಮ ಕೇರಿಯಲ್ಲಿ ಒಂದು ಸಣ್ಣ ಮಾತು ಹೇಳ್ಬೇಕು. ‘ಕೌಮಿನ ಮತ ಕೌಮಿನವನಿಗೆ, ಒಂದೂ ಹೊರಗೆ ಹೋಗಬಾರದು.’ ಉರ್ದುವಿನಲ್ಲಿ ಹೇಳು ಸಾಕು, ಮೇಲಿನವರಿಗೆ ತಿಳಿಯೂದಿಲ್ಲ."

"ಮುಜಮ್ಮಿಲ್ ಭಾಯ್, ಭಾಷೆ ಬದಲಾದ್ರೆ ಮಾತು ಬದಲಾಗ್ತದಾ?" ಎಂದಳು ಸುಪ್ರಿಯಾ. "ಬೆಳಿಗ್ಗೆ ಅವನಿಗೆ ಇಲ್ಲ ಅಂದದ್ದು, ಮಧ್ಯಾಹ್ನ ನಿಮಗೆ ಹ್ಞೂಂ ಅಂದ್ರೆ ನನ್ನ ನಾಲಿಗೆ ಉಳೀತದಾ?"

ಒಂದೇ ದಿನ ಎರಡೂ ಪ್ರಚಾರ ಕೈತಪ್ಪಿದವು. ಸುಬ್ಬ ರಿಕ್ಷಾದ ಚಕ್ರಕ್ಕೆ ಒರಗಿ ಕೂತು, "ಆತು. ಸುಗ್ಗಿ ಮುಗೀತು" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ನಗೆಯೇ ಹೆಚ್ಚಿತ್ತು.

ಮರುದಿನ ಟ್ಯಾಂಕರಿನ ಹತ್ತಿರ ಇದೇ ಸುದ್ದಿ. ಕೆಳಗಿನಕೇರಿಯ ಖೈರುನ್ನಿಸಾ ಬಾಬಿ ಕೊಡವನ್ನು ಸೊಂಟಕ್ಕೇರಿಸಿ, ಏರಿಸಿದಷ್ಟೇ ವೇಗದಲ್ಲಿ ಮತ್ತೆ ಕೆಳಗಿಟ್ಟರು. ಊರಿನ ಅರ್ಧ ಮದುವೆಗಳಿಗೆ ಬಿರಿಯಾನಿ ಬೇಯಿಸಿದ ಹೆಂಗಸು. ಅವರ ಮಾತಿಗೆ ಎರಡು ಕೇರಿಯಲ್ಲೂ ತೂಕವಿತ್ತು.

"ಅಲ್ಲ ಸುಪ್ರಿಯಾ, ಆ ಇಬ್ಬರದ್ದೂ ಹೇಳೂದಿಲ್ಲ ಅಂದೆ. ಹಾಗಾದ್ರೆ ನೀ ಹೇಳೂದೇನದೆಯೋ ಅದನ್ನ ಹೇಳು. ನೀನೇ ನಿಲ್ಲು!"

ಸಾಲಿನಲ್ಲಿದ್ದ ಹೆಂಗಸರು ಮೊದಲು ನಕ್ಕರು. ಆಮೇಲೆ ಮೇಲಿನಕೇರಿಯ ಶ್ರೀಮತಕ್ಕ, "ಹೌದೇ, ನಿಲ್ಲೇ ಮಾರಾಯ್ತಿ!" ಎಂದಳು. ನಗು ನಿಂತಿತು. ಯಾರೋ ಕೊಡದ ಮೇಲೆ ಬಡಿದರು, ಇನ್ನೊಬ್ಬರು ಬಡಿದರು, ಟ್ಯಾಂಕರಿನ ಡ್ರೈವರು ನೀರು ನಿಲ್ಲಿಸಿ ಏನಾಯಿತೆಂದು ಇಣುಕಿದ. ಸುಪ್ರಿಯಾ ಕೊಡವನ್ನು ಅಲ್ಲೇ ಬಿಟ್ಟು ಸುಬ್ಬನನ್ನು ಕರೆಯಲು ಮನೆಗೆ ಓಡಿದಳು.

ಅರ್ಜಿಯ ಕೊನೆಯ ದಿನ ಹತ್ತಿರವಿತ್ತು. ಸುಬ್ಬ ರಿಕ್ಷಾ ನೇರ ಕುಮಟೆಗೆ ಓಡಿಸಿದ. ಅಲ್ಲಿನ ವಕೀಲೆ ವಂದನಾ ಹೆಗಡೆ ಗಂಡಹೆಂಡಿರಿಬ್ಬರಿಗೂ ಗುರುತು. ಕಾನೂನು ಅರಿವಿನ ಶಿಬಿರಗಳನ್ನೆಲ್ಲ ಸುಪ್ರಿಯಾಳೇ ಕೂಗಿದ್ದಳು. ಕತಗಾಲ ಕಡೆಯ ವಂದನಾ ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಧರ್ಮದ ಹೆಸರು ಹೇಳಿ ಮತ ಕೇಳಿದ್ರೆ ಅದು ಚುನಾವಣಾ ಭ್ರಷ್ಟಾಚಾರ, ಗೊತ್ತಾ? ನೀನು ಗೊತ್ತಿಲ್ಲದೇನೇ ಕಾನೂನು ಪಾಲಿಸಿದ್ದೀಯ."

"ಕಾನೂನು ಗೊತ್ತಿಲ್ಲ ಮೇಡಂ. ನನಗೆ ಮನೆಮನೆ ಗೊತ್ತು, ಅಷ್ಟೇ. ಆದ್ರೆ ಜನ ಕೇಳ್ತಾರೆ, ಸರ್ಕಾರಕ್ಕೆ ದೇವರೇ ಬೇಡವಾ ಅಂತ. ಎಂತ ಹೇಳೂದು?"

"ಸರ್ಕಾರ ಒಬ್ಬರ ದೇವರನ್ನ ಹಿಡಕೊಂಡ್ರೆ ಉಳಿದವರು ಬಾಡಿಗೆಯವರಾಗ್ತಾರೆ. ಯಾರದ್ದನ್ನೂ ಹಿಡಕೊಳ್ಳದಿದ್ರೆ ಎಲ್ಲರೂ ಮನೆಯವರು. ನೀನು ಇದನ್ನ ನಿನ್ನ ಮಾತಲ್ಲಿ ಹೇಳು. ಹೆದರಡ." ಕೊನೆಯ ಮಾತು ಮಾತ್ರ ಅವರ ಮನೆಯ ಹವ್ಯಕ ಭಾಷೆಯಲ್ಲಿ ಬಂತು, ಅದಕ್ಕೇ ಅದು ಸುಪ್ರಿಯಾಳಿಗೆ ಹೆಚ್ಚು ತಾಗಿತು.

ಗುರುತು ಹಂಚುವಾಗ ಅವಳಿಗೆ ಬಂದದ್ದು ಹೊಲಿಗೆ ಯಂತ್ರ. ಗುಂಡಿ ಹಾಕಲೂ ಬಾರದವಳಿಗೆ ಹೊಲಿಗೆ ಯಂತ್ರ! ಸುಬ್ಬ ಬಿದ್ದುಬಿದ್ದು ನಕ್ಕ. ಆದರೆ ರಿಕ್ಷಾ ಊರು ಸೇರುವಷ್ಟರಲ್ಲಿ ಅವಳು ಮಾತು ಕಟ್ಟಿಯಾಗಿತ್ತು. "ಎರಡು ಕೇರಿ, ಒಂದು ಹೊಲಿಗೆ! ನಡುವೆ ಓಡೂದು ನೀರಿನ ಪೈಪು! ನಿಮ್ಮ ಮತ ಹೊಲಿಗೆ ಯಂತ್ರಕ್ಕೆ!"

ಆ ಹತ್ತು ಹನ್ನೆರಡು ದಿನ ಬೇಲೆಬೇಣ ಕುದಿಯಿತು. ಪೊಲೀಸರ ಅನುಮತಿ ಪಡೆದು ರಿಕ್ಷಾ ಓಡಿದ್ದೇ ಓಡಿದ್ದು. ಮೇಲಿನಕೇರಿಯಲ್ಲಿ ಕನ್ನಡ, ಕೆಳಗೆ ಕೊಂಕಣಿ, ಉರ್ದು, ನವಾಯತಿ. ಮಾತು ಮಾತ್ರ ಒಂದೇ. ಈ ಕೇರಿಯಲ್ಲಿ ಹೇಳಿದ್ದನ್ನು ಆ ಕೇರಿಯಲ್ಲಿ ಹೇಳಲು ಅವಳು ನಾಚಬೇಕಾಗಿರಲಿಲ್ಲ. ಅವ್ವ ತಿಮ್ಮಿ ಹಳದೀಪುರದಿಂದ ಬಸ್ಸು ಹತ್ತಿ ಬಂದು, ಬುಟ್ಟಿ ಇಲ್ಲದೆ ಮನೆಮನೆ ತಿರುಗಿ, "ಬಳಚು ತಂದದ್ದಲ್ಲ ಇವತ್ತು, ಮಗಳ ಮಾತು ತಂದದ್ದು" ಎಂದು ಕೂಗಿದಳು.

ಪ್ರಚಾರ ಮುಗಿಯುವ ಹಿಂದಿನ ಸಂಜೆ ಮೇಲಿನಕೇರಿಯ ಅಶ್ವತ್ಥಕಟ್ಟೆಯ ಹತ್ತಿರ ಜನ ಸೇರಿದ್ದರು. ಹರೀಶನ ಕಡೆಯ ಸುಧಾಕರ ಎದ್ದು ನಿಂತ.

"ಸುಪ್ರಿಯಾ, ಒಂದು ಪ್ರಶ್ನೆ. ದೇವರ ಹೆಸರು ಎತ್ತಬೇಡಿ ಅಂತೀಯಲ್ಲ, ನೀನು ದೇವರನ್ನ ನಂಬ್ತೀಯಾ ಇಲ್ಲವಾ? ಅದನ್ನ ಮೊದಲು ಹೇಳು."

ಸುಪ್ರಿಯಾ ಮೈಕನ್ನು ಬದಿಗಿಟ್ಟು ಬರೀ ಬಾಯಲ್ಲಿ ಮಾತಾಡಿದಳು.

"ಶಿವರಾತ್ರಿಗೆ ಯಾಣಕ್ಕೆ ಹೋಗೂವಾಗ ಕಾಡ ದಾರಿಯಲ್ಲಿ ನನ್ನ ಮುಂದೆ ನಡೆದವ ನೀನೇ ಅಲ್ಲವಾ ಸುಧಾಕರಣ್ಣ? ಕಾಲಿಗೆ ಮುಳ್ಳು ಹೆಟ್ಟಿ ಕೂತವ? ಮುಳ್ಳು ತೆಗೆದವಳು ನಾನು." ಜನ ಹೋ ಎಂದು ನಕ್ಕರು. "ನಂಬ್ತೆ. ದೇವರು ನನ್ನ ಮನೆಯವ. ಪೈಪು ಪಂಚಾಯ್ತಿದು. ಇವತ್ತು ನೀವು ಪೈಪಿಗೆ ನಾಮ ಹಾಕಿ ಕೆಳಗಿನಕೇರಿಯ ನೀರು ನಿಲ್ಲಿಸ್ತೀರಿ ಅಂತಲೇ ಇಟ್ಟುಕೊಳ್ಳಿ. ನಾಳೆ ಅವರು ಹೆಚ್ಚಾಗಿ, ಪಂಚಾಯ್ತಿ ಅವರ ಕೈಗೆ ಹೋಗಿ, ಅವರು ನಿಮ್ಮ ನಲ್ಲಿ ತಿರುಗಿಸಿದ್ರೆ ಯಾರ ಹತ್ರ ಹೋಗಿ ಅಳ್ತೀರಿ? ಆಗ ನಿಮಗೆ ಬೇಕಾಗೂದು ಎಂತ? ಯಾರ ಮುಖವನ್ನೂ ನೋಡದ ಪಂಚಾಯ್ತಿ. ಅದು ನಾಳೆ ಬೇಕು ಅಂದ್ರೆ ಇವತ್ತೇ ಕಟ್ಟಬೇಕು. ಬರಗಾಲ ಬಂದ ಮೇಲೆ ಬಾವಿ ತೋಡ್ತಾರಾ?"

ಸುಧಾಕರ ಏನೋ ಹೇಳಹೊರಟ. ಹಿಂದಿನಿಂದ ಅವನ ಹೆಂಡತಿಯೇ "ಕೂತ್ಕಳ್ರೀ ಸಾಕು!" ಎಂದಳು. ಚಪ್ಪಾಳೆ ಶುರುವಾದದ್ದು ಹೆಂಗಸರ ಕಡೆಯಿಂದ. ಅಷ್ಟು ವರ್ಷ ಇನ್ನೊಬ್ಬರ ಮಾತು ಕೂಗಿದ ಸುಪ್ರಿಯಾಳ ಗಂಟಲಿನಿಂದ ಅಂದು, ಮೈಕಿನ ಹಂಗಿಲ್ಲದೆ, ತನ್ನದೇ ಮಾತು ಬಂದಿತ್ತು.

ಮತದಾನ ಶಾಂತವಾಗಿ ಮುಗಿಯಿತು. ಎಣಿಕೆಯ ದಿನ ಹೊನ್ನಾವರದಲ್ಲಿ ಜಾತ್ರೆಯಂಥ ಗದ್ದಲ. ಒಳಗೆ ಬೇಲೆಬೇಣದ ಮೇಜಿನ ಸುತ್ತ ಮೂವರು ಅಭ್ಯರ್ಥಿಗಳು, ಅವರವರ ಏಜೆಂಟರು. ಸುಪ್ರಿಯಾಳ ಏಜೆಂಟಾಗಿ ವಂದನಾ ಬಂದಿದ್ದರು. ಅವರ ಫೋನು ಒಮ್ಮೆ ಗುಂಯ್‌ಗುಟ್ಟಿತ್ತು, ಅವರು ಬಾಗಿಲಾಚೆ ಹೋಗಿ "ಈಗ ಬಪ್ಪಲಾಗ್ತಿಲ್ಲೆ ಅಮ್ಮಾ, ಎಣಿಕೆ ನಡೀತಾ ಇದ್ದು" ಎಂದು ಇಟ್ಟುಬಿಟ್ಟು ಬಂದಿದ್ದರು.

ಮತಪತ್ರಗಳು ಮೂರು ಗುಡ್ಡೆಯಾಗಿ ಏರತೊಡಗಿದವು. ಮುಜಮ್ಮಿಲ್ ಸ್ವಲ್ಪ ಹಿಂದೆ ಬಿದ್ದ. ಹರೀಶ, ಸುಪ್ರಿಯಾ, ಹರೀಶ, ಸುಪ್ರಿಯಾ. ಒಂದು ಮತಪತ್ರ ಬಿಡಿಸಿದಾಗ ಎಣಿಸುವವರ ಕೈ ನಿಂತಿತು. ಮುದ್ರೆ ಹರೀಶನ ಗುರುತಿನ ಮೇಲೇ ಇತ್ತು, ಆದರೆ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ ‘ಶ್ರೀ’ ಎಂದು ಬರೆದು ಕುಂಕುಮದ ಬೊಟ್ಟು ಇಟ್ಟಿತ್ತು.

"ಬರಹ ಇದೆ. ಮತ ಹಾಕಿದವರ ಗುರುತು ಹತ್ತುವ ಬರಹ ಇದ್ದರೆ ಆ ಮತ ಅಸಿಂಧು" ಎಂದರು ವಂದನಾ, ತಟ್ಟನೆ.

"ದೇವರ ಹೆಸರು ಬರೆದ್ರೆ ತಪ್ಪಾ?" ಹರೀಶ ಮೇಜು ಗುದ್ದಿದ.

"ಯಾರ ಹೆಸರಾದರೂ ಅಷ್ಟೇ" ಎಂದರು ಚುನಾವಣಾಧಿಕಾರಿ ಅನಂತಮೂರ್ತಿ. ಮತಪತ್ರ ತಿರಸ್ಕೃತದ ಗುಡ್ಡೆಗೆ ಹೋಯಿತು. ಸುಪ್ರಿಯಾಳ ಒಳಗೆ ಏನೋ ಕುಣಿಯಿತು. ಈಗ ಅವಳು ಒಂದು ಮತ ಮುಂದಿದ್ದಳು! ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು ಮತಪತ್ರ.

ಅವುಗಳಲ್ಲಿ ಹರೀಶನಿಗೆ ಒಂದು ಹೆಚ್ಚು ಬಿದ್ದು ಇಬ್ಬರೂ ಸಮವಾದರು, ಕೊನೆಯದು ಹೊಲಿಗೆ ಯಂತ್ರದ್ದು. ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಉರ್ದು ಬರಹ. ಪಕ್ಕದ ಮೇಜಿನ ಶಿಕ್ಷಕರೊಬ್ಬರು ಬಂದು ಓದಿ ಹೇಳಿದರು: "ದೇವರು ನಿನ್ನನ್ನ ಗೆಲ್ಲಿಸಲಿ, ಮಗಳೇ."

ಸುಪ್ರಿಯಾಳ ಕಣ್ಣು ತುಂಬಿ ಬಂತು. ಯಾರ ಕೈ ಇದು? ಯಾವ ಅಜ್ಜಿ, ಯಾವ ಅಜ್ಜ ಆ ಮರೆಯಲ್ಲಿ ನಿಂತು ತನಗಾಗಿ ಇಷ್ಟು ಬರೆದರು? ಆದರೆ ಹರಸಿದ ಮತವೇ ಅವಳ ಒಂದು ಮತ ಕಳೆಯುವುದಿತ್ತು.

"ಇದು ಆಶೀರ್ವಾದ ಅಲ್ವಾ ಸರ್?" ಎಂಬ ಮಾತು ನಾಲಿಗೆಯ ತುದಿಗೆ ಬಂತು. ವಂದನಾ ಅವಳ ಮುಖ ನೋಡಿದರು. ಎದುರಿಗೆ ಹರೀಶ ತುಟಿ ಬಿಗಿದು ನಿಂತಿದ್ದ, ಈಗ ಇವಳು ಏನು ಹೇಳುತ್ತಾಳೆ ನೋಡುವಾ ಎಂಬಂತೆ.

ಸುಪ್ರಿಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತೆಗೀರಿ ಸರ್. ಅವನದ್ದು ತೆಗೆದ ಮೇಲೆ ನನ್ನದೂ ತೆಗೀಬೇಕು."

ಸಮ! ಮತ್ತೊಮ್ಮೆ ಎಣಿಸಿದರು. ಮತ್ತೆ ಸಮ! ಸುದ್ದಿ ಬಾಗಿಲು ದಾಟಿ ಹೊರಗೆ ಹಾರಿತು. ಹೊರಗೆ ತಿಮ್ಮಿ ಯಾವಯಾವ ದೇವರಿಗೋ ಹರಕೆ ಹೊತ್ತಳು, ಪಕ್ಕದಲ್ಲಿ ಖೈರುನ್ನಿಸಾ ಬಾಬಿ ಎರಡೂ ಕೈ ಎತ್ತಿ ದುವಾ ಮಾಡುತ್ತಿದ್ದರು, ಸುಬ್ಬ ರಿಕ್ಷಾದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಒಳಗೆ ಅನಂತಮೂರ್ತಿ ನಿಯಮ ಓದಿ ಹೇಳಿದರು: ಮತ ಸಮವಾದರೆ ಚೀಟಿ ಎತ್ತಬೇಕು. ಒಂದೇ ಅಳತೆಯ ಎರಡು ಚೀಟಿ, ಎರಡು ಹೆಸರು. ಯಾರದೋ ಊಟದ ಡಬ್ಬಿ ಖಾಲಿ ಮಾಡಿ ಒರೆಸಿ ಅದರಲ್ಲಿ ಹಾಕಿ ಕುಲುಕಿದರು. ಬಾಗಿಲಲ್ಲಿ ನಿಂತಿದ್ದ ಮಹಿಳಾ ಪೊಲೀಸನ್ನು ಕರೆದು, ಕಣ್ಣು ಮುಚ್ಚಿ ಒಂದು ಎತ್ತಲು ಹೇಳಿದರು.

ಆಕೆಯ ಬೆರಳು ಡಬ್ಬಿಯೊಳಗೆ ಇಳಿದದ್ದು, ತಡಕಿದ್ದು, ಮೇಲೆ ಬಂದದ್ದು. ಸುಪ್ರಿಯಾಳಿಗೆ ಅದೊಂದು ಯುಗ. ಅನಂತಮೂರ್ತಿ ಚೀಟಿ ಬಿಡಿಸಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

ಸುಪ್ರಿಯಾ.

ತನ್ನ ಹೆಸರನ್ನು ತಾನೇ ಎಷ್ಟೋ ಸಲ ಮೈಕಿನಲ್ಲಿ ಕೂಗಿದವಳು, ಆ ಮೂರು ಅಕ್ಷರವನ್ನು ಎರಡೆರಡು ಸಲ ಓದಿಕೊಂಡಳು. ಹೊರಗೆ ಬಂದು ಗಂಡನಿಗೆ ಹೇಳಹೋದರೆ ಗಂಟಲಿನಿಂದ ಬರೀ ಗಾಳಿ! ಪೂರ್ತಿ ಕಟ್ಟಿಹೋಗಿತ್ತು. ಕೈಯೆತ್ತಿ ಹೊಲಿಗೆ ಯಂತ್ರದ ಚಕ್ರ ತಿರುಗಿಸಿದಂತೆ ಮಾಡಿ ತೋರಿಸಿದಳು. ಅಷ್ಟು ಸಾಕಾಯಿತು. ತಿಮ್ಮಿ ಮಗಳನ್ನು ಅವುಚಿಕೊಂಡಳು. ಸುಬ್ಬ ರಿಕ್ಷಾದ ಹಾರ್ನ್ ಒತ್ತಿದವನು ಬೇಲೆಬೇಣ ಮುಟ್ಟುವವರೆಗೂ ಬಿಡಲಿಲ್ಲ.

ಹರೀಶ ಅಂದು ಮಾತಾಡದೆ ಹೋದ. ಮುಜಮ್ಮಿಲ್ ಮಾತ್ರ ತಡೆದು ನಿಂತು, "ನಿನಗೆ ಹೋದ ವೋಟೆಲ್ಲ ನನ್ನ ಕೇರಿಯದ್ದೇ, ಗೊತ್ತಲ್ಲ?" ಎಂದ, ಅರ್ಧ ಮುನಿಸು, ಅರ್ಧ ನಗು. ಪಿಸುದನಿಯಲ್ಲಿ ಅವಳು, "ನನ್ನ ಕೇರಿಯದ್ದೂ ಬಂದದೆ ಭಾಯ್. ಲೆಕ್ಕ ಬೇಡ" ಎಂದಳು.

ಪಂಚಾಯತಿಯ ಸಭೆಯಲ್ಲಿ ಅವಳು ಎತ್ತಿದ ಮೊದಲ ವಿಷಯ ಪೈಪು. ಯಾವ ಕೇರಿ ಮೊದಲು ಎಂದು ಕೆಲವರು ಮತ್ತೆ ಅದೇ ರಾಗ ಶುರುಮಾಡಿದರು. "ನೀರಿನ ಟ್ಯಾಂಕು ಹೆದ್ದಾರಿಯ ಬದಿಗದೆ, ಊರು ಇಳಿಜಾರು ಅದೆ. ಮೇಲಿನಿಂದ ಕೆಳಗೆ ಒಂದೇ ಎಳೆ. ಎರಡು ಕೇರಿಗೂ ಕೊಟ್ಟ ಮೇಲೇ ಬಿಲ್ಲಿಗೆ ಸಹಿ" ಎಂದು ಪಟ್ಟು ಹಿಡಿದಳು. ಕೆಲಸ ಎಳೆದಾಡಿತು, ಗುತ್ತಿಗೆದಾರ ಎರಡು ಸಲ ಕೈಕೊಟ್ಟ, ಮಳೆಗಾಲ ಅಡ್ಡ ಬಂತು. ಕೊನೆಗೂ ಮುಂದಿನ ಬೇಸಿಗೆ ಕಾಲಿಡುವ ಮುಂಚೆ ನಲ್ಲಿಗಳು ಕೂತವು.

ನೀರು ಬಿಟ್ಟ ಬೆಳಿಗ್ಗೆ ಊರಿಗೂರೇ ಬೀದಿಯಲ್ಲಿತ್ತು. ಮೊದಲ ನಲ್ಲಿ ಹರೀಶನ ಮನೆಯ ಮುಂದೆ. ಅದು ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಬೆಳ್ಳಗೆ ಭರ್ ಎಂದು ಸುರಿಯಿತು. ಹರೀಶನ ತಾಯಿ ಕೊಡ ಹಿಡಿದು ಓಡಿ ಬಂದರು. ಹರೀಶನೇ ನಲ್ಲಿಗೆ ಕೈಯೊಡ್ಡಿ, ಬಾಯಿಗೆ ಹಾಕಿ ನೋಡಿ, "ಉಪ್ಪಿಲ್ಲ ಅತ್ತಿಗೇ!" ಎಂದು ಕೂಗಿದ. ಎಷ್ಟು ತಿಂಗಳ ಮೇಲೆ ಬಂದ ಮಾತು!

ಕೆಳಗಿನಕೇರಿಯ ತಿರುವಿನಲ್ಲಿ ನಿಂತು ನೋಡುತ್ತಿದ್ದ ಖೈರುನ್ನಿಸಾ ಬಾಬಿ ಸೊಂಟದ ಮೇಲೆ ಕೈಯಿಟ್ಟರು. "ಅರೇ ಸುಪ್ರಿಯಾ, ವೋಟು ನಮ್ಮದು, ನೀರು ಮೊದಲು ಹರೀಶನಿಗಾ?"

"ಪೈಪು ಆ ಕಡೆಯಿಂದ ಬತ್ತದೆ ಬಾಬೀ, ಎಂತ ಮಾಡೂದು!" ಎಂದು ಸುಪ್ರಿಯಾ ನಗುತ್ತ ಇಳಿಜಾರಿನಲ್ಲಿ ಓಡಿದಳು. "ಕೊಡ ತರ‍್ರೋ, ಕೊಡ ತನ್ನಿ, ಬಂತು!"

ಅವಳ ಹಿಂದೆಯೇ ನೆಲದೊಳಗೆ ನೀರು ಓಡಿ ಬರುತ್ತಿತ್ತು. ಒಂದೊಂದೇ ನಲ್ಲಿ ಕೆಮ್ಮುತ್ತ, ಉಗುಳುತ್ತ, ಬಾಯಿ ಬಿಡುತ್ತಿತ್ತು.